ನಾಣ್ಯ ಬಿಟ್ಟು ನೋಡು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರ ಕಾಲದಲ್ಲಿ ಕ್ರಿಪ್ಟೋಕರೆನ್ಸಿ ಇರಲಿಲ್ಲ. ಇದ್ದಿದ್ದರೆ ಗಾದೆಗೆ ಮೂರನೇ ತುಂಡೊಂದು ಸೇರುತ್ತಿತ್ತು. ಮನೆಗೆ ಸೈಟು ಬೇಕು, ಮದುವೆಗೆ ಛತ್ರ ಬೇಕು. ನಾಣ್ಯ ಬಿಡಲು ಲ್ಯಾಪ್‌ಟಾಪ್ ಸಾಕು. ಅದರಲ್ಲೂ ಓಪನ್ ಸೋರ್ಸ್ ಹಾದಿ ಹಿಡಿದು, ಕೋಡನ್ನು ಬಯಲಲ್ಲಿಟ್ಟು, ಯಾರು ಬೇಕಾದರೂ ನೋಡಿ, ಯಾರು ಬೇಕಾದರೂ ತಿದ್ದಿ ಎಂದುಬಿಟ್ಟರೆ ಮುಕ್ಕಾಲು ಕೆಲಸ ಮುಗಿದಂತೆ. ಬರೆದವರು ಬೇರೆಯವರು, ತಪ್ಪು ಹುಡುಕಬೇಕಾದವರು ಬೇರೆಯವರು, ಹಣ ಕಳೆದುಕೊಳ್ಳುವವರೂ ಬೇರೆಯವರೇ. ಕೆಳಗಿನ ಹೆಜ್ಜೆಗಳನ್ನು ಕ್ರಮ ತಪ್ಪದೆ ಪಾಲಿಸಿ. ಒಂದೊಂದನ್ನೂ ನಮಗಿಂತ ಬುದ್ಧಿವಂತರು ಮಾಡಿ ನೋಡಿ ಫಲ ಕಂಡಿದ್ದಾರೆ.

ಬೇಕಾಗುವ ಸಾಮಗ್ರಿ

ಲ್ಯಾಪ್‌ಟಾಪ್ ಒಂದು. ಇಂಟರ್ನೆಟ್. ರಾತ್ರಿ ಎರಡರ ತನಕ ಸಾಕಾಗುವಷ್ಟು ಫಿಲ್ಟರ್ ಕಾಫಿ. ನಾಣ್ಯಕ್ಕೊಂದು ಹೆಸರು, ಒಂದು ಲೋಗೋ. ಟೆಸ್ಟ್ ಮಾಡಲು ಸಮಯ: ರುಚಿಗೆ ತಕ್ಕಷ್ಟು.

ಹೆಜ್ಜೆ 1: ಬರೆಯಬೇಡಿ, ಇಳಿಸಿಕೊಳ್ಳಿ

ಬಿಟ್‌ಕಾಯಿನ್‌ನ ಕೋಡ್ 2009ರ ಜನವರಿಯಿಂದ ಬಯಲಲ್ಲಿದೆ. ಬರೆದದ್ದು ಸತೋಶಿ ನಕಮೋಟೊ ಎಂಬ ಹೆಸರಿನ ಹಿಂದೆ ಅಡಗಿದ ಯಾರೋ. 2011ರಲ್ಲಿ ಬೇರೆ ಕೆಲಸಕ್ಕೆ ಹೊರಟೆ ಎಂದು ಹೇಳಿ ಹೋದವರು ಮತ್ತೆ ಬಂದಿಲ್ಲ. ಕೋಡಿಗಿರುವುದು ಎಂಐಟಿ ಪರವಾನಗಿ, ಎಂದರೆ ಕೇಳದೆ ಎತ್ತಿಕೊಳ್ಳಬಹುದು. ಎತ್ತಿಕೊಳ್ಳಿ. ಫೈಂಡ್ ಆ್ಯಂಡ್ ರಿಪ್ಲೇಸ್ ತೆರೆದು ಬಿಟ್‌ಕಾಯಿನ್ ಎಂದಿರುವಲ್ಲೆಲ್ಲ ನಿಮ್ಮ ನಾಣ್ಯದ ಹೆಸರು ಕೂರಿಸಿ. ಆಮೇಲೆ ಒಂದೆರಡು ಅಂಕಿ ಬದಲಿಸಿ. 2011ರ ಅಕ್ಟೋಬರ್‌ನಲ್ಲಿ ಬಂದ ಲೈಟ್‌ಕಾಯಿನ್, ಹತ್ತು ನಿಮಿಷಕ್ಕೊಂದು ಬ್ಲಾಕ್ (ವಹಿವಾಟುಗಳ ಕಟ್ಟು) ಎಂಬುದನ್ನು ಎರಡೂವರೆ ನಿಮಿಷಕ್ಕೆ ಇಳಿಸಿ, 2.1 ಕೋಟಿ ನಾಣ್ಯದ ಮಿತಿಯನ್ನು 8.4 ಕೋಟಿಗೆ ಏರಿಸಿತು. ಹೊಸ ನಾಣ್ಯ ಹುಟ್ಟಿಸುವ ಗಣಿಗಾರಿಕೆಯ ಗಣಿತವನ್ನೂ ಬದಲಿಸಿತು. ಅಷ್ಟು ಶ್ರಮ ನಿಮಗೆ ಬೇಡ. ಅದೇ ವಂಶದಲ್ಲಿ 2013ರ ಡಿಸೆಂಬರ್‌ನಲ್ಲಿ ಡೋಜ್‌ಕಾಯಿನ್ ತಮಾಷೆಗೆಂದೇ ಹುಟ್ಟಿತು. ತಮಾಷೆಯ ಕೂಸಿಗೇ ಅಷ್ಟು ಬೆಲೆ ಬಂದಮೇಲೆ ನೀವು ಗಂಭೀರವಾಗಿ ಕೆಲಸ ಮಾಡುವುದು ಅಪವ್ಯಯ.

ಇಳಿಸಿಕೊಂಡ ಕೋಡಿನಲ್ಲಿ ಹಳೆಯ ತಪ್ಪುಗಳು ಕಂಡರೆ ನಮಸ್ಕಾರ ಹಾಕಿ ಮುಂದೆ ಹೋಗಿ. ಹಲವರ ಸಹಿ ಪರಿಶೀಲಿಸುವ ಬಿಟ್‌ಕಾಯಿನ್ ಆದೇಶವೊಂದು ತನಗೆ ಬೇಕಾದ್ದಕ್ಕಿಂತ ಒಂದು ವಸ್ತುವನ್ನು ಹೆಚ್ಚಿಗೆ ನುಂಗುತ್ತದೆ. ಅದಕ್ಕೆಂದೇ ಎಲ್ಲರೂ ಒಂದು ಖಾಲಿ ವಸ್ತುವನ್ನು ಪಕ್ಕಕ್ಕಿಡುತ್ತಾರೆ, ಊಟಕ್ಕೆ ಮೊದಲು ಎಲೆಯ ಬದಿಗೆ ಚಿತ್ರಾಹುತಿ ಇಟ್ಟ ಹಾಗೆ. ಗಣಿಗಾರಿಕೆ ಎಷ್ಟು ಕಷ್ಟವಿರಬೇಕು ಎಂದು 2016 ಬ್ಲಾಕಿಗೊಮ್ಮೆ ಲೆಕ್ಕ ಹಾಕುವಾಗ ಅಳೆಯುವುದು 2015 ಅಂತರಗಳನ್ನು ಮಾತ್ರ. ಎರಡೂ ಎಲ್ಲರಿಗೂ ಗೊತ್ತು. ತಿದ್ದಬೇಕಾದರೆ ಈ ಕೋಡು ಓಡಿಸುವ ಜಗತ್ತಿನ ಕಂಪ್ಯೂಟರುಗಳೆಲ್ಲ, ಎಂದರೆ ನೋಡ್‌ಗಳೆಲ್ಲ, ಒಟ್ಟಿಗೆ ಒಪ್ಪಬೇಕು, ಅದಕ್ಕೇ ಹಾಗೇ ಇವೆ. ಒಬ್ಬ ಮಾಡಿದರೆ ಬಗ್, ಎಲ್ಲರೂ ಒಪ್ಪಿ ಮಾಡಿದರೆ ನಿಯಮ. ಈ ತತ್ವವನ್ನು ಬಾಯಿಪಾಠ ಮಾಡಿ. ನಿಮ್ಮದೇ ಬಗ್ಗುಗಳಿಗೆ ಮುಂದೆ ಬೇಕಾಗುತ್ತದೆ.

ಹೆಜ್ಜೆ 2: ಪಾಸಾಗುವ ಟೆಸ್ಟ್ ಬರೆಯಿರಿ

ಮಗು ನಿಮ್ಮದು, ಪ್ರಶ್ನೆಪತ್ರಿಕೆಯೂ ನಿಮ್ಮದೇ. ಕಷ್ಟದ ಪ್ರಶ್ನೆ ಏಕೆ ಕೇಳುತ್ತೀರಿ? ಮೊದಲು ಕೋಡ್ ಬರೆಯಿರಿ, ಅದು ಯಾವ ಉತ್ತರ ಕೊಡುತ್ತದೋ ನೋಡಿ, ಅದನ್ನೇ ಸರಿಯುತ್ತರವೆಂದು ಟೆಸ್ಟಿಗೆ ತುಂಬಿಸಿ. ರಮೇಶ ಸುರೇಶನಿಗೆ 2 ನಾಣ್ಯ ಕಳಿಸಿದ, ಸುರೇಶನಿಗೆ 2 ನಾಣ್ಯ ಬಂತು: ಹಸಿರು ಟಿಕ್. ಸುರೇಶ ವಾಪಸು ಕಳಿಸಿದ: ಇನ್ನೊಂದು ಹಸಿರು ಟಿಕ್. ಸೊನ್ನೆ ಕಳಿಸಿದರೆ ಏನು, ಸೊನ್ನೆಗಿಂತ ಕಡಿಮೆ ಕಳಿಸಿದರೆ ಏನು ಎಂಬ ವಕ್ರ ಪ್ರಶ್ನೆಗಳನ್ನು ಬಿಡಿ. ಮರ್ಯಾದಸ್ಥರು ಯಾರೂ ಹಾಗೆ ಕಳಿಸುವುದಿಲ್ಲ.

ದೊಡ್ಡ ಸಂಖ್ಯೆಗಳಿಂದಂತೂ ದೂರವಿರಿ. ಹಳೆಯ ಸ್ಕೂಟರಿನ ಕಿಲೋಮೀಟರ್ ಮೀಟರ್ ನೆನಪಿದೆಯೇ? ಒಂಬತ್ತುಗಳೆಲ್ಲ ತುಂಬಿದ ಮೇಲೆ ಇನ್ನೊಂದು ಕಿಲೋಮೀಟರ್ ಓಡಿಸಿದರೆ ಸೊನ್ನೆಗಳ ಸಾಲು, ಗಾಡಿ ಹೊಚ್ಚಹೊಸದು. ಕಂಪ್ಯೂಟರಿನ ಸಂಖ್ಯೆಗೂ ಅಂಥದೇ ಒಂದು ತುದಿಯಿದೆ, ಅದನ್ನು ದಾಟಿದರೆ ಮೊತ್ತ ಋಣಕ್ಕೆ ಇಳಿಯುತ್ತದೆ. 2010ರ ಆಗಸ್ಟ್ 15ರಂದು, ಬಿಟ್‌ಕಾಯಿನ್‌ನ 74638ನೇ ಬ್ಲಾಕಿನಲ್ಲಿ, ಯಾರೋ ಅರ್ಧ ನಾಣ್ಯ ಕೈಯಲ್ಲಿಟ್ಟುಕೊಂಡು ಎರಡು ವಿಳಾಸಗಳಿಗೆ ತಲಾ 9,223 ಕೋಟಿ ನಾಣ್ಯ ಕಳಿಸಿದರು. ಕೋಡು ಎರಡನ್ನೂ ಕೂಡಿತು, ಮೀಟರ್ ತಿರುಗಿತು, ಮೊತ್ತ ಸೊನ್ನೆಗಿಂತ ಕಡಿಮೆ ಬಂತು. ಸೊನ್ನೆಗಿಂತ ಕಡಿಮೆ ಖರ್ಚು ಮಾಡುವವನ ಹತ್ತಿರ ಅರ್ಧ ನಾಣ್ಯ ಇದೆಯಲ್ಲ, ಧಾರಾಳ ಸಾಕು ಎಂದು ಒಪ್ಪಿಕೊಂಡಿತು. ಒಟ್ಟು 2.1 ಕೋಟಿಯ ಮೇಲೆ ಒಂದೂ ಹುಟ್ಟಬಾರದ ನಾಣ್ಯ ಒಂದೇ ಏಟಿಗೆ 18,446 ಕೋಟಿ ಹುಟ್ಟಿತು. ಸುಮಾರು ಐದು ತಾಸಿನಲ್ಲಿ 0.3.10 ಎಂಬ ತಿದ್ದಿದ ಆವೃತ್ತಿ ಬಂತು, ಆ ಬ್ಲಾಕಿದ್ದ ಕೆಟ್ಟ ಸರಪಳಿಯನ್ನು ಎಲ್ಲರೂ ಕೈಬಿಟ್ಟರು. ಆಗ ಜಾಲ ಸಣ್ಣದು, ಎಲ್ಲರಿಗೂ ಎಲ್ಲರ ಗುರುತಿತ್ತು. ಹೊಳೆಗೆ ಹಾಕಿದರೂ ಅಳೆದು ಹಾಕು ಎಂದಿದ್ದಾರೆ ಹಿರಿಯರು. ಅಳೆದಿದ್ದರು, ಅಳತೆಯ ಕೊಳಗಕ್ಕೆ ತಳವಿರಲಿಲ್ಲ ಅಷ್ಟೆ.

ಟೆಸ್ಟೊಂದು ಒಮ್ಮೆ ಹಸಿರು, ಒಮ್ಮೆ ಕೆಂಪು ತೋರಿಸುತ್ತಿದ್ದರೆ ಕಾರಣ ಹುಡುಕುತ್ತ ಕೂರಬೇಡಿ. ಹಸಿರಾಗುವ ತನಕ ಮತ್ತೆ ಮತ್ತೆ ಓಡಿಸಿ. ಎಸ್ಸೆಸ್ಸೆಲ್ಸಿಗೇ ಸಪ್ಲಿಮೆಂಟರಿ ಇತ್ತಲ್ಲ.

ಹೆಜ್ಜೆ 3: ಸ್ನೇಹಿತರ ನಡುವೆ ಮಾತ್ರ ಪರೀಕ್ಷಿಸಿ

ಪ್ರಯೋಗಕ್ಕೆ ಬಿಟ್‌ಕಾಯಿನ್‌ನವರು ಮೂರು ಅಂಗಳ ಮಾಡಿಟ್ಟಿದ್ದಾರೆ. ಟೆಸ್ಟ್‌ನೆಟ್ ಎಂದರೆ ಊರೆಲ್ಲ ಬಂದು ಆಡುವ ಮೈದಾನ. ಸಿಗ್ನೆಟ್ ಎಂದರೆ ಕಾವಲುಗಾರ ಇರುವ ಮೈದಾನ. ರೆಗ್‌ಟೆಸ್ಟ್ ಎಂದರೆ ನಿಮ್ಮ ಮನೆಯ ಹಜಾರ. ನೀವು ಹಜಾರ ಬಿಟ್ಟು ಹೊರಬರಬೇಡಿ. ಅಲ್ಲಿ ಬ್ಲಾಕ್ ಬೇಕೆಂದಾಗ ಬ್ಲಾಕ್ ಹುಟ್ಟುತ್ತದೆ. ಗಣಿಗಾರಿಕೆಯ ಫಲ 100 ಬ್ಲಾಕ್ ಹಣ್ಣಾಗುವ ತನಕ ಮುಟ್ಟುವಂತಿಲ್ಲ ಎಂಬ ನಿಯಮವಿದೆಯೇ? 101 ಬ್ಲಾಕ್ ಹುಟ್ಟಿಸಿ, ಕಣ್ಣು ಮಿಟುಕಿಸುವಷ್ಟರಲ್ಲಿ ಶ್ರೀಮಂತರಾಗಿ. ಅಲ್ಲಿ ಕಳ್ಳನೂ ನೀವೇ, ಪೊಲೀಸೂ ನೀವೇ, ನ್ಯಾಯಾಧೀಶರೂ ನೀವೇ. ಇಷ್ಟು ಸೌಹಾರ್ದದ ವಾತಾವರಣದಲ್ಲಿ ಯಾವ ತಂತ್ರಾಂಶ ತಾನೇ ಕೈಕೊಟ್ಟೀತು?

ನಿಮ್ಮ ಹೊಸ ಆವೃತ್ತಿಯನ್ನು ಹೊಸ ಆವೃತ್ತಿಯ ಜೊತೆಗೇ ಮಾತಾಡಿಸಿ, ಹಳೆಯದರ ಜೊತೆ ಬೇಡ. 2013ರ ಫೆಬ್ರುವರಿಯಲ್ಲಿ ಬಿಟ್‌ಕಾಯಿನ್ 0.8 ಬಂದಾಗ ಒಳಗಿನ ಉಗ್ರಾಣವೇ ಬದಲಾಗಿತ್ತು. ಬರ್ಕ್ಲಿ ಡಿಬಿ ಎಂಬ ಡೇಟಾಬೇಸ್ ಹೋಗಿ ಲೆವೆಲ್ ಡಿಬಿ ಬಂದಿತ್ತು. ಮಾರ್ಚ್‌ನಲ್ಲಿ ಒಂದು ದಪ್ಪ ಬ್ಲಾಕ್ ಬಂತು. ಹೊಸಬರು ಅರಗಿಸಿಕೊಂಡರು. ಹಳೆಯ ಉಗ್ರಾಣಕ್ಕೆ ಒಂದೇ ಸಲಕ್ಕೆ ಇಷ್ಟೇ ಬೀಗ ಹಾಕಬಹುದು ಎಂಬ ಮಿತಿ ಇತ್ತು, ಅದು ಮೀರಿತು, ಹಳಬರು ಉಗುಳಿದರು. 225430ನೇ ಬ್ಲಾಕಿನಲ್ಲಿ ಸರಪಳಿ ಎರಡಾಯಿತು. ಮಿತಿ ಅಲ್ಲಿದೆ ಎಂದು ಯಾರಿಗೂ ಗೊತ್ತಿರಲಿಲ್ಲ, ಯಾರೂ ಅದನ್ನು ನಿಯಮವೆಂದು ಬರೆದೂ ಇರಲಿಲ್ಲ. ಕೊನೆಗೆ ಹೊಸಬರೇ ಹಿಂದೆ ಸರಿದು 0.7ಕ್ಕೆ ಮರಳಬೇಕಾಯಿತು. ತಪ್ಪು ಅತ್ತೆಯದು, ಕ್ಷಮೆ ಕೇಳಿದ್ದು ಸೊಸೆ. ಇಂಥ ಸಂಸಾರದ ಗುಟ್ಟುಗಳು ಟೆಸ್ಟಿನಲ್ಲೇ ಬಯಲಾಗಿಬಿಟ್ಟರೆ ಬಿಡುಗಡೆಯ ದಿನ ಸ್ವಾರಸ್ಯವೇನು ಉಳಿಯುತ್ತದೆ?

ಕಿವಿಮಾತು: ಟೆಸ್ಟ್‌ನೆಟ್ ನಾಣ್ಯಕ್ಕೆ ಬೆಲೆಯಿಲ್ಲ, ಬೆಲೆ ಇರಬಾರದು ಎಂದೇ ಮಾಡಿದ್ದು. ಅದನ್ನೂ ಮಾರಿ. ಹಿಂದೆಯೂ ಜನ ಮಾರಿದ್ದಾರೆ. ಅದಕ್ಕಾಗಿಯೇ ಮೈದಾನವನ್ನು ಕಿತ್ತು ಹೊಸದಾಗಿ ಹಾಸಬೇಕಾಯಿತು. 2024ರಲ್ಲಿ ನಾಲ್ಕನೆಯದು ಬಂದಿದೆ. ನಿರಾಸೆ ಬೇಡ.

ಹೆಜ್ಜೆ 4: ರಿವ್ಯೂ ಮಾಡಿ, ಓದಬೇಡಿ

ಬಿಟ್‌ಕಾಯಿನ್‌ನ ಮುಖ್ಯ ತಂತ್ರಾಂಶವಾದ ಬಿಟ್‌ಕಾಯಿನ್ ಕೋರ್‌ನಲ್ಲಿ ಯಾರ ಕೋಡೂ ನೇರವಾಗಿ ಒಳಗೆ ಹೋಗುವುದಿಲ್ಲ. ಪುಲ್ ರಿಕ್ವೆಸ್ಟ್ ಎಂಬ ಅರ್ಜಿ ಹಾಕಬೇಕು, ನಾಲ್ಕಾರು ಜನ ನೋಡಬೇಕು. ಒಪ್ಪಿಗೆಯಾದರೆ 'ಆ್ಯಕ್' ಎನ್ನುತ್ತಾರೆ, ಇಲ್ಲದಿದ್ದರೆ 'ನ್ಯಾಕ್'. ನಡುವೆ ಇನ್ನೂ ಕೆಲವು ಸ್ವರಗಳಿವೆ. ಯೋಚನೆ ಚೆನ್ನಾಗಿದೆ, ಕೋಡಿನ ವಿಷಯ ಆಮೇಲೆ ಎನ್ನಲು 'ಕಾನ್ಸೆಪ್ಟ್ ಆ್ಯಕ್'. ಓದಿದ್ದೇನೆ, ಓಡಿಸಿ ನೋಡಿಲ್ಲ ಎನ್ನಲು 'ಯುಟಿ ಆ್ಯಕ್'. ಅಲ್ಪವಿರಾಮ ತಪ್ಪಿದೆ ಎನ್ನಲು 'ನಿಟ್'. ನೀವು ಇವೆರಡರಲ್ಲೇ, ಯುಟಿ ಆ್ಯಕ್ ಮತ್ತು ನಿಟ್‌ಗಳಲ್ಲೇ, ಜೀವನ ಸಾಗಿಸಬಹುದು. ಎತ್ತು ಈಯಿತು ಎಂದು ಯಾರಾದರೂ ಪುಲ್ ರಿಕ್ವೆಸ್ಟ್ ಹಾಕಿದರೆ ಕೊಟ್ಟಿಗೆಯಲ್ಲಿ ಕಟ್ಟಿ ಎಂದು ಆ್ಯಕ್ ಕೊಡಿ. ಹಗ್ಗದ ಬಣ್ಣದ ಬಗ್ಗೆ ಒಂದು ನಿಟ್ ಹಾಕಿ. ಮೂರು ಸಾಲಿನ ಬದಲಾವಣೆಗೆ ಮೂವತ್ತು ಟೀಕೆ ಬರೆಯಿರಿ. ಮೂರು ಸಾವಿರ ಸಾಲಿನದಕ್ಕೆ ಹೆಬ್ಬೆರಳು ಎತ್ತಿ.

ನಿಮ್ಮದೇ ಹೆಸರು ಕಾಂಟ್ರಿಬ್ಯೂಟರ್ ಪಟ್ಟಿಗೆ ಸೇರಬೇಕೇ? ರೀಡ್‌ಮಿ ಫೈಲಿಗೆ ಒಂದು ವಿಶೇಷಣ ಸೇರಿಸಿ. 2020ರ ಅಕ್ಟೋಬರ್‌ನಲ್ಲಿ ಹ್ಯಾಕ್ಟೋಬರ್‌ಫೆಸ್ಟ್ ಎಂಬ ಓಪನ್ ಸೋರ್ಸ್ ಹಬ್ಬದ ಪುಕ್ಕಟೆ ಟೀ ಶರ್ಟಿಗಾಗಿ ಇಂಥ ಪುಲ್ ರಿಕ್ವೆಸ್ಟುಗಳ ಮಳೆಯೇ ಸುರಿಯಿತು, ಅದರಲ್ಲಿ ನಮ್ಮ ದೇಶದ ವಿದ್ಯಾರ್ಥಿಗಳ ಪಾಲೂ ಸಣ್ಣದಲ್ಲ. ಕೊನೆಗೆ, ಬೇಕೆಂದು ಕೇಳಿಕೊಂಡ ಕೋಡ್ ಭಂಡಾರಗಳಿಗೆ, ಎಂದರೆ ರೆಪೋಗಳಿಗೆ, ಮಾತ್ರ ಎಂದು ನಿಯಮ ಬದಲಾಯಿತು.

ಓದದೆ ಆ್ಯಕ್ ಕೊಡಲು ಮನಸ್ಸು ಅಳುಕಿದರೆ ಅಜ್ಜಿ ಹೇಳಿದ ಕಥೆ ನೆನಪಿಸಿಕೊಳ್ಳಿ. ರಾಜ ಡಂಗುರ ಹೊಡೆಸಿದ: ಈ ರಾತ್ರಿ ಮನೆಗೊಂದು ಚೊಂಬು ಹಾಲು ತಂದು ಅರಮನೆಯ ಕೊಳಕ್ಕೆ ಸುರಿಯಬೇಕು. ಅಷ್ಟು ಹಾಲಿನ ನಡುವೆ ನನ್ನದೊಂದು ಚೊಂಬು ನೀರು ಯಾರಿಗೆ ತಿಳಿದೀತು ಎಂದುಕೊಂಡರು ಒಬ್ಬೊಬ್ಬರೂ. ಬೆಳಗ್ಗೆ ನೋಡಿದರೆ ಕೊಳದ ತುಂಬ ತಿಳಿನೀರು. ಅಜ್ಜಿ ಇದನ್ನು ಬುದ್ಧಿಮಾತು ಎಂದು ಹೇಳಿದ್ದರು. ನೀವು ಕಾರ್ಯವಿಧಾನ ಎಂದು ಓದಿಕೊಳ್ಳಿ. ಓಪನ್ ಸೋರ್ಸ್ ಕೋಡ್ ಎಲ್ಲರಿಗೂ ಕಾಣುತ್ತದೆ; ಎಲ್ಲರಿಗೂ ಕಾಣುವುದನ್ನು ಯಾರೋ ಒಬ್ಬರು ನೋಡಿಯೇ ಇರುತ್ತಾರೆ; ಆ ಒಬ್ಬರು ನೀವಾಗಬೇಕಿಲ್ಲ.

ಕೊಳದ ಆಳ ಎಷ್ಟೆಂದು ತಿಳಿಯಲು ಬಿಟ್‌ಕಾಯಿನ್‌ನದೇ ಉದಾಹರಣೆ ಸಾಕು. ಒಂದೇ ನಾಣ್ಯವನ್ನು ಒಂದೇ ವಹಿವಾಟಿನಲ್ಲಿ ಎರಡು ಸಲ ಹಾಕಿದ್ದಾರೆಯೇ ಎಂದು ನೋಡುವ ತಪಾಸಣೆಯೊಂದಿತ್ತು. ಇದೇ ಕೆಲಸವನ್ನು ಇನ್ನೊಂದು ಕಡೆಯೂ ಮಾಡುತ್ತಿದ್ದೇವೆ, ಇದು ಹೆಚ್ಚುವರಿ ಎಂದು ಬ್ಲಾಕ್ ಪರಿಶೀಲಿಸುವ ಹಾದಿಯಿಂದ ಅದನ್ನು ಬಿಟ್ಟರು. ಉಳಿತಾಯವಾದದ್ದು ಬ್ಲಾಕಿಗೆ ಒಂದು ಮಿಲಿಸೆಕೆಂಡಿಗಿಂತ ಕಡಿಮೆ. ಹೊಸ ಕೋಡ್ 2017ರಲ್ಲಿ 0.14 ಆವೃತ್ತಿಯೊಂದಿಗೆ ಹೊರಬಂತು. ಅಂಥ ವಹಿವಾಟಿದ್ದ ಬ್ಲಾಕ್ ಕಳಿಸಿದರೆ ನೋಡ್ ಕುಸಿದು ಬೀಳುವಂತಾಯಿತು, 0.15ರಿಂದ ಇನ್ನೂ ಸುಧಾರಣೆಯಾಗಿ, ಕುಸಿಯುವ ಬದಲು ಒಪ್ಪಿಕೊಂಡು ಇಲ್ಲದ ಹಣವನ್ನೂ ಹುಟ್ಟಿಸುವಂತಾಯಿತು. ಜಗತ್ತಿನಲ್ಲೇ ಅತಿ ಹೆಚ್ಚು ಕಣ್ಣುಗಳು ಕಾಯುವ ನಾಣ್ಯದ ಕೋಡಿದು. 2018ರ ಸೆಪ್ಟೆಂಬರ್ ತನಕ ಒಂದೂವರೆ ವರ್ಷ ಎಲ್ಲರ ಚೊಂಬಿನಲ್ಲೂ ನೀರೇ.

ಹೆಜ್ಜೆ 5: ಗುಟ್ಟಿನ ಸಂಖ್ಯೆ ಬೇಗ ಆರಿಸಿ

ವ್ಯಾಲೆಟ್ ಎಂದರೆ ಒಂದು ಗುಟ್ಟಿನ ಸಂಖ್ಯೆ. ಅದು ಯಾರೂ ಊಹಿಸಲಾಗದಂತಿರಬೇಕು ಎಂದು ಶಾಸ್ತ್ರ. 256 ಬಿಟ್‌ನಷ್ಟು ಯದ್ವಾತದ್ವಾ ಬೇಕು. ಇದನ್ನು ಹೊಂದಿಸಲು ಕಂಪ್ಯೂಟರ್ ಕಷ್ಟಪಡುತ್ತದೆ. ಕರುಣೆ ತೋರಿಸಿ, ಗಡಿಯಾರ ನೋಡಿ ಸಂಖ್ಯೆ ಹೇಳು ಎನ್ನಿ.

ಲಿಬ್‌ಬಿಟ್‌ಕಾಯಿನ್ ಎಕ್ಸ್‌ಪ್ಲೋರರ್ ಎಂಬ ಗೌರವಾನ್ವಿತ ಓಪನ್ ಸೋರ್ಸ್ ಉಪಕರಣದಲ್ಲಿ ಬೀಜಸಂಖ್ಯೆ ಕೊಡುವ ಆದೇಶವೊಂದಿತ್ತು. ನೀವು 256 ಬಿಟ್ ಕೇಳಿದರೆ 256 ಬಿಟ್ ಉದ್ದದ ಸಂಖ್ಯೆಯನ್ನೇ ಕೊಡುತ್ತಿತ್ತು. ಒಳಗಿದ್ದದ್ದು ಮಾತ್ರ ಗಡಿಯಾರದಿಂದ ತೆಗೆದ 32 ಬಿಟ್. ಎಂದರೆ ಸಾಧ್ಯವಿರುವ ಗುಟ್ಟುಗಳ ಒಟ್ಟು ಸಂಖ್ಯೆ ಸುಮಾರು 430 ಕೋಟಿ. ಮನುಷ್ಯನಿಗೆ ದೊಡ್ಡದು, ಕಂಪ್ಯೂಟರಿಗೆ ಹೆಚ್ಚೆಂದರೆ ಕೆಲವು ದಿನಗಳ ಕೆಲಸ. ಇದು ಅನುಕೂಲಕ್ಕಾಗಿ ಮಾತ್ರ, ಕೀಲಿ ದುರ್ಬಲವಾದೀತು ಎಂಬ ಎಚ್ಚರಿಕೆ ಅದರ ದಾಖಲೆಯ ಪುಟದಲ್ಲಿತ್ತು. ಅನುಕೂಲ ಎಂಬ ಪದವನ್ನು ಎಲ್ಲರೂ ಓದಿದರು. 2023ರ ಜುಲೈಯಲ್ಲಿ ಹಲವರ ವ್ಯಾಲೆಟ್ ಬರಿದಾದ ಮೇಲೆ ಉಳಿದದ್ದನ್ನೂ ಓದಿದರು. ಗಡಿಯಾರವನ್ನು ಸೊನ್ನೆಗೆ ನಿಲ್ಲಿಸಿದರೆ ಆ ಉಪಕರಣ ಕೊಡುತ್ತಿದ್ದ ಗುಟ್ಟಿನ ಪದಸಾಲು 'ಮಿಲ್ಕ್ ಸ್ಯಾಡ್' ಎಂದು ಶುರುವಾಗುತ್ತಿತ್ತು. ಲೋಪಕ್ಕೆ ಅದೇ ಹೆಸರು ನಿಂತಿತು. ಹಾಲಿಗೇ ದುಃಖವಾಗಿದೆ ಎಂದು ಯಂತ್ರವೇ ಹೇಳಿತು ನೋಡಿ. ನೀವು ಕೊಳದ ಕಡೆ ತಿರುಗದೆ ಮುಂದಿನ ಹೆಜ್ಜೆಗೆ ನಡೆಯಿರಿ.

ಹೆಜ್ಜೆ 6: ಅಪರಿಚಿತರಿಗೆ ಬೀಗದಕೈ ಕೊಡಿ

ನಿಮ್ಮ ವ್ಯಾಲೆಟ್ ನೂರಾರು ಪುಕ್ಕಟೆ ಲೈಬ್ರರಿಗಳ ಮೇಲೆ ನಿಂತಿರಲಿ. ಅವನ್ನು ಯಾರು ಬರೆದರು, ಅವರಿಗೆ ಸಂಬಳ ಉಂಟೇ, ಅವರು ಈಗಲೂ ಎಚ್ಚರವಾಗಿದ್ದಾರೆಯೇ ಎಂದು ಕೇಳಬೇಡಿ. ಈವೆಂಟ್ ಸ್ಟ್ರೀಮ್ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿ ಬರೆದವರು ತಾವೇ ಅದನ್ನು ಬಳಸುವುದು ಬಿಟ್ಟಿದ್ದರು, ಜಗತ್ತು ಬಿಟ್ಟಿರಲಿಲ್ಲ. 2018ರಲ್ಲಿ ಅಪರಿಚಿತರೊಬ್ಬರು ನಾನು ನೋಡಿಕೊಳ್ಳುತ್ತೇನೆ ಎಂದು ಸೌಜನ್ಯದಿಂದ ಕೇಳಿದರು, ಬೀಗದಕೈ ಸಿಕ್ಕಿತು. ಆಮೇಲೆ ಒಳಗೆ ಸಣ್ಣ ಗಂಟೊಂದು ಸೇರಿತು. ಅದು ಎಲ್ಲ ಕಡೆ ನಿದ್ರೆ ಮಾಡುತ್ತಿತ್ತು, ಕೋಪೇ ಎಂಬ ಬಿಟ್‌ಕಾಯಿನ್ ವ್ಯಾಲೆಟ್ ಒಳಗೆ ಮಾತ್ರ ಏಳುತ್ತಿತ್ತು, ಅಲ್ಲಿಯೂ 100 ಬಿಟ್‌ಕಾಯಿನ್‌ಗಿಂತ ಹೆಚ್ಚಿದ್ದ ಮನೆಗೇ ಕೈ ಹಾಕುತ್ತಿತ್ತು. ಬೇಲಿ ಎದ್ದು ಹೊಲ ಮೇಯ್ದದ್ದಷ್ಟೇ ಅಲ್ಲ, ಒಳ್ಳೆಯ ಪೈರನ್ನು ಆರಿಸಿ ಮೇಯುವ ಶಿಸ್ತನ್ನೂ ತೋರಿಸಿತು. ಇಷ್ಟು ಗುರಿಯಿಟ್ಟು ಟೆಸ್ಟ್ ಮಾಡಿದ ಕೋಡು ಈ ಕೈಪಿಡಿಯಲ್ಲಿ ಬೇರೊಂದು ಸಿಗುವುದಿಲ್ಲ.

ಹೆಜ್ಜೆ 7: ಮೊದಲು ಹಣ ಕೊಡಿ, ಆಮೇಲೆ ಬರೆದುಕೊಳ್ಳಿ

ಈಗ ಸ್ಮಾರ್ಟ್ ಕಾಂಟ್ರ್ಯಾಕ್ಟ್, ಎಂದರೆ ಹಣವನ್ನು ತಾನೇ ಕೊಟ್ಟು ತೆಗೆದುಕೊಳ್ಳುವ ಕೋಡು, ಕಲಿಯಿರಿ. ಬ್ಯಾಂಕಿನ ಕ್ಯಾಷಿಯರ್ ಒಬ್ಬರನ್ನು ಊಹಿಸಿಕೊಳ್ಳಿ. ಅವರು ನೋಟು ಎಣಿಸಿ ಕೊಟ್ಟ ಮೇಲೆ ಲೆಡ್ಜರಿನಲ್ಲಿ ಕಳೆಯುತ್ತಾರೆ. ನೋಟು ಕೈಗೆ ಬಂದ ತಕ್ಷಣ, ಅವರು ಪೆನ್ನು ಎತ್ತುವ ಮೊದಲೇ, ಇನ್ನೊಂದು ಚೀಟಿ ತೂರಿಸಿ. ಲೆಡ್ಜರಿನಲ್ಲಿ ಹಳೆಯ ಬಾಕಿಯೇ ಇದೆ, ಮತ್ತೆ ಕೊಡುತ್ತಾರೆ. ಮತ್ತೊಂದು ಚೀಟಿ. ಪೆನ್ನು ಎತ್ತಲು ಬಿಡಲೇಬೇಡಿ. ನಿಮ್ಮ ಕಾಂಟ್ರ್ಯಾಕ್ಟ್ ಇದೇ ಕ್ಯಾಷಿಯರ್ ಥರ ಇರಲಿ.

ಈಥೀರಿಯಂ ಎಂಬ ಇನ್ನೊಂದು ಸರಪಳಿಯ ಮೇಲೆ ಕಟ್ಟಿದ 'ದಿ ಡಿಎಒ' ಎಂಬ ಹೂಡಿಕೆ ನಿಧಿ ಹಾಗೇ ಇತ್ತು. ಈ ಬಗೆಯ ಲೋಪದ ಬಗ್ಗೆ ಎಚ್ಚರಿಕೆಯ ಮಾತು ಎದ್ದಾಗ, ಹಣಕ್ಕೇನೂ ಅಪಾಯವಿಲ್ಲ ಎಂದು 2016ರ ಜೂನ್ 12ರಂದು ಕಟ್ಟಿದವರ ಕಡೆಯಿಂದ ಪ್ರಕಟಣೆ ಹೊರಟಿತು. ಜೂನ್ 17ರಂದು ಸುಮಾರು 36 ಲಕ್ಷ ಈಥರ್ ನಾಣ್ಯ ಹೊರಟಿತು. ನೀವೂ ಪ್ರಕಟಣೆಯನ್ನು ಮೊದಲೇ ಬರೆದಿಟ್ಟುಕೊಳ್ಳಿ. ಕೋಡೇ ಕಾನೂನು ಎಂದು ಸಾರುತ್ತಿದ್ದ ಜನ ಕೂಡಿ ಚರ್ಚಿಸಿ, ಜುಲೈ 20ರಂದು ಆ ಕಾನೂನನ್ನು ತಿದ್ದಿ ಹಣ ವಾಪಸು ತಂದರು. ಒಪ್ಪದವರು ಹಳೆಯ ಸರಪಳಿಯಲ್ಲೇ ಉಳಿದು ಈಥೀರಿಯಂ ಕ್ಲಾಸಿಕ್ ಎಂದು ಹೆಸರಿಟ್ಟುಕೊಂಡರು. ಒಂದು ಬಗ್, ಎರಡು ನಾಣ್ಯ. ಇದಕ್ಕಿಂತ ಸಮೃದ್ಧಿ ಬೇಕೆ?

ಒಂದು ಸಲ ಪೆಟ್ಟು ತಿಂದಮೇಲೆ ತಿದ್ದಿದ ಕೋಡನ್ನು ಟೆಸ್ಟ್ ಮಾಡುವ ಅಗತ್ಯವಿಲ್ಲ, ತಿದ್ದಿದ್ದೇವಲ್ಲ. ಈಥರ್ ಇಡುವ ಪ್ಯಾರಿಟಿ ವ್ಯಾಲೆಟ್‌ನಿಂದ 2017ರ ಜುಲೈಯಲ್ಲಿ ಹಣ ಕಳುವಾದ ಮೇಲೆ ಹೊಸ ಲೈಬ್ರರಿ ಹಾಕಿದರು. ಅದಕ್ಕೊಬ್ಬ ಯಜಮಾನ ಬೇಕು ಎಂದು ಹೆಸರು ತುಂಬಿಸುವುದನ್ನು ಮರೆತರು. ನವೆಂಬರ್‌ನಲ್ಲಿ ಯಾರೋ ಬಂದು ನಾನೇ ಯಜಮಾನ ಎಂದರು, ಆಯಿತು ಎಂದಿತು. ನಾಶವಾಗು ಎಂದರು, ಆಯಿತು ಎಂದಿತು. ಅದನ್ನು ನಂಬಿದ್ದ 587 ವ್ಯಾಲೆಟ್‌ಗಳ 5,13,774 ಈಥರ್ ಗಾಜಿನ ಪೆಟ್ಟಿಗೆಯೊಳಗೆ ಸೇರಿದಂತಾಯಿತು: ಎಲ್ಲರಿಗೂ ಕಾಣುತ್ತದೆ, ಯಾರಿಗೂ ಸಿಗುವುದಿಲ್ಲ. ತಪ್ಪಿ ಕೊಂದುಬಿಟ್ಟೆ ಎಂದು ಆ ವ್ಯಕ್ತಿಯೇ ಬಯಲಲ್ಲಿ ಬರೆದುಕೊಂಡರು. ಪ್ರಾಮಾಣಿಕತೆಗೆ ಓಪನ್ ಸೋರ್ಸ್‌ನಲ್ಲಿ ಎಂದೂ ಕೊರತೆಯಿಲ್ಲ.

ಹೆಜ್ಜೆ 8: ಮದ್ದನ್ನು ಮೊದಲು ಕಿಟಕಿಯಲ್ಲಿಡಿ

ತೂತು ಗೊತ್ತಾಯಿತು, ಮುಚ್ಚುವ ಕೋಡು ಬರೆದಿರಿ. ಅದನ್ನು ತಕ್ಷಣ ಎಲ್ಲರಿಗೂ ಕಾಣುವಂತೆ ರೆಪೋಗೆ ಸೇರಿಸಿ. ಓಡುತ್ತಿರುವ ತಂತ್ರಾಂಶಕ್ಕೆ ಹಾಕುವುದು ಊಟದ ನಂತರ ಇರಲಿ. 2022ರ ಫೆಬ್ರುವರಿ 2ರಂದು ಒಂದು ಸರಪಳಿಯಿಂದ ಇನ್ನೊಂದಕ್ಕೆ ನಾಣ್ಯ ದಾಟಿಸುವ ವರ್ಮ್‌ಹೋಲ್ ಸೇತುವೆಯಲ್ಲಿ ಇದೇ ಕ್ರಮದಲ್ಲಿ ನಡೆಯಿತು: ತಿದ್ದುಪಡಿ ಗಿಟ್‌ಹಬ್‌ನಲ್ಲಿ ಕಂಡಿತು, ಜಾರಿಗೆ ಬರಬೇಕಿತ್ತು, ಅಷ್ಟರಲ್ಲಿ 1,20,000 ಈಥರ್ ಹೋಯಿತು. ಅದೇ ವರ್ಷ ಆಗಸ್ಟ್‌ನಲ್ಲಿ ನೊಮ್ಯಾಡ್ ಸೇತುವೆಯವರು ಮಾಡಿದ ಅಪ್‌ಗ್ರೇಡ್ ಫಲ ಕೊಟ್ಟಿತು. ಖಾಲಿ ಬಿಟ್ಟ ಸೊನ್ನೆಯನ್ನೇ ಅದು ನಂಬಿಕೆಯ ಗುರುತೆಂದು ತಿಳಿದುಕೊಂಡಿತ್ತು. ಮೊದಲ ಕಳ್ಳನ ವಹಿವಾಟನ್ನು ನಕಲು ಮಾಡಿ, ವಿಳಾಸ ಮಾತ್ರ ತಮ್ಮದು ಹಾಕಿ, ಕೋಡು ಬಾರದವರೂ ದೋಚಿದರು. ಸುಮಾರು 19 ಕೋಟಿ ಡಾಲರ್. ಜನಸಾಮಾನ್ಯರಿಗೂ ತಂತ್ರಜ್ಞಾನ ಎಂಬ ಘೋಷಣೆ ಇಷ್ಟು ಚೆನ್ನಾಗಿ ಬೇರೆಲ್ಲೂ ಈಡೇರಿಲ್ಲ.

ತೊಂದರೆ ಕಂಡರೆ

ಬಳಕೆದಾರರು ಹಣ ಹೋಯಿತು ಎಂದು ಅಳುತ್ತಾ ಬಂದರೆ: ಪರವಾನಗಿಯ ಕೊನೆಯ ಪ್ಯಾರಾ ತೋರಿಸಿ. ಇದ್ದದ್ದು ಇದ್ದ ಹಾಗೆ, ಯಾವ ಖಾತರಿಯೂ ಇಲ್ಲದೆ ಕೊಟ್ಟಿದೆ ಎಂದು ದೊಡ್ಡಕ್ಷರದಲ್ಲಿದೆ. ಅದೊಂದನ್ನೇ ನೀವು ಫೈಂಡ್ ಆ್ಯಂಡ್ ರಿಪ್ಲೇಸ್ ಮಾಡಿರುವುದಿಲ್ಲ.

ಬಗ್ ಮತ್ತೆ ಮತ್ತೆ ಬರುತ್ತಿದ್ದರೆ: ಅದನ್ನು ಫೀಚರ್ ಎಂದು ದಾಖಲಿಸಿ. ಹೆಜ್ಜೆ 1ರ ತತ್ವ ನೋಡಿ.

ಆಡಿಟ್ ಮಾಡಿಸಿದ್ದೀರಾ ಎಂದು ಕೇಳಿದರೆ: ಕೋಡು ಬಯಲಲ್ಲೇ ಇದೆ, ನೀವೇ ನೋಡಬಹುದಲ್ಲ ಎನ್ನಿ. ಅಡ್ಡಗೋಡೆಯ ಮೇಲೆ ದೀಪವಿಟ್ಟರೆ ಎರಡೂ ಕಡೆ ಬೆಳಕು.

ಅಪ್ಪಿತಪ್ಪಿ ಲಾಭ ಬಂದುಬಿಟ್ಟರೆ: ನಮ್ಮ ದೇಶದಲ್ಲಿ 2022ರ ಏಪ್ರಿಲ್‌ನಿಂದ ಇಂಥ ಲಾಭಕ್ಕೆ 30% ತೆರಿಗೆ, ಒಂದು ನಾಣ್ಯದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಈ ಕೈಪಿಡಿಯನ್ನು ನಿಷ್ಠೆಯಿಂದ ಪಾಲಿಸಿದವರಿಗೆ ಈ ಚಿಂತೆ ಇರುವುದಿಲ್ಲ.

ಕೊನೆಯ ಎಚ್ಚರಿಕೆ: ಹಾಲು ತರುವವರು

ಈ ವಿಧಾನಕ್ಕೆ ಒಂದೇ ಒಂದು ಅಪಾಯವಿದೆ. ಕೊಳದ ಹತ್ತಿರ ಯಾವಾಗಲಾದರೊಮ್ಮೆ ನಿಜವಾಗಿ ಹಾಲು ತರುವ ಮನುಷ್ಯ ಬಂದುಬಿಡುತ್ತಾನೆ. 2018ರ ಸೆಪ್ಟೆಂಬರ್‌ನಲ್ಲಿ ಬಂದದ್ದು ಹಾಗೆಯೇ. ಆ ಎರಡು ಸಲ ಖರ್ಚಿನ ತೂತನ್ನು ಕಂಡುಹಿಡಿದವರು ಬಿಟ್‌ಕಾಯಿನ್ ಮನೆಯವರಲ್ಲ, ಜಗಳವಾಡಿ ಬೇರೆಯಾಗಿದ್ದ ಬಿಟ್‌ಕಾಯಿನ್ ಕ್ಯಾಷ್ ಕಡೆಯವರು. ಪ್ರತಿಸ್ಪರ್ಧಿಯ ಬುಡ ಅಲುಗಿಸುವ ಅಸ್ತ್ರ ಕೈಯಲ್ಲಿತ್ತು. ಬಳಸಲಿಲ್ಲ, ಡಂಗುರ ಹೊಡೆಯಲಿಲ್ಲ. ಗುಟ್ಟಾಗಿ ಸಂಬಂಧಪಟ್ಟವರಿಗೆ ತಿಳಿಸಿದರು. ಅವರೂ ಹೆಜ್ಜೆ 8ನ್ನು ಧಿಕ್ಕರಿಸಿ, ನೋಡ್ ಕುಸಿಯುವ ಬಗ್ ಇದೆ ಎಂದಷ್ಟೇ ಹೇಳಿ, ಸೆಪ್ಟೆಂಬರ್ 18ರಂದು 0.16.3 ಬಿಡುಗಡೆ ಮಾಡಿ, ಹಣ ಹುಟ್ಟಿಸುವ ಭಾಗವನ್ನು ಎರಡು ದಿನ ಬಿಟ್ಟು ಬಾಯಿಬಿಟ್ಟರು. ಬಿಟ್‌ಕಾಯಿನ್‌ನಲ್ಲಿ ಒಂದು ಪೈಸೆಯೂ ಹೋಗಲಿಲ್ಲ. ಒಂದು ಚೊಂಬಿನಿಂದ ಇಡೀ ಪ್ರಯೋಗ ಹಾಳು.

ಇಂಥವರನ್ನು ದೂರದಿಂದಲೇ ಗುರುತಿಸಿ. ಇವರು ಸಭೆಯಲ್ಲಿ ಮಾತಾಡುವುದು ಕಡಿಮೆ. ಮೊತ್ತ ಋಣವಾದರೆ ಏನಾಗುತ್ತದೆ ಎಂದು ಕೇಳುತ್ತಾರೆ. ಹಳೆಯ ಆವೃತ್ತಿಯನ್ನೂ ಓಡಿಸಿ ನೋಡುತ್ತಾರೆ. ಕೆಂಪು ಟೆಸ್ಟಿನ ಮುಂದೆ ರಾತ್ರಿಯೆಲ್ಲ ಕೂರುತ್ತಾರೆ, ಅದಕ್ಕೆ ಸಂಬಳ ಕೇಳಿರುವುದಿಲ್ಲ. ಹೆಚ್ಚುವರಿ ಎಂದು ನೀವು ತೆಗೆದ ಸಾಲನ್ನು, ಇರಲಿ ಬಿಡಿ, ಒಂದು ಮಿಲಿಸೆಕೆಂಡ್ ತಾನೇ ಎಂದು ವಾಪಸು ಇಡುತ್ತಾರೆ. ಇವರಿಗೆ ಧನ್ಯವಾದ ಹೇಳಬೇಡಿ, ಅಭ್ಯಾಸವಾದೀತು. ಇವರ ಪುಲ್ ರಿಕ್ವೆಸ್ಟನ್ನು ಎಂಟು ತಿಂಗಳು ತೆರೆದೇ ಇಡಿ. ಅಲ್ಪವಿರಾಮದ ಬಗ್ಗೆ ನಿಟ್ ಹಾಕಿ. ಆದಷ್ಟು ಬೇಗ ದಣಿಸಿ.

ಆದರೂ ಒಂದು ರಾತ್ರಿ ಚೊಂಬು ಹಿಡಿದು ಬಂದೇಬಿಟ್ಟರೆ, ಗೌರವದಿಂದ ಎದುರುಗೊಳ್ಳಿ. ಕೊಳ ಆಗಲೇ ತುಂಬಿದೆ, ನೀವು ಮನೆಗೆ ಹೋಗಿ ಮಲಗಿ ಎನ್ನಿ. ದೀಪ ಮಾತ್ರ ತರಬೇಡಿ. ಕತ್ತಲಲ್ಲಿ ನೀರಿಗೂ ಹಾಲಿಗೂ ಒಂದೇ ಬಣ್ಣ.